ಕೊನೆಯ ಬಿಗಿ

ರಿಪೇರಿ ಷೆಡ್ಡಿನ ಗುಂಡಿಯಲ್ಲಿ ನಿಂತು ತಲೆಯೆತ್ತಿದಾಗ ಎಣ್ಣೆಯ ಹನಿಯೊಂದು ಅವನ ಹುಬ್ಬಿನ ಮೇಲೇ ಬಿತ್ತು. ಒರೆಸಿಕೊಳ್ಳಲಿಲ್ಲ. ಬೀಳಬೇಕಾದಲ್ಲೇ ಬಿತ್ತು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಗಿ, ಕೈದೀಪವನ್ನು ಇನ್ನಷ್ಟು ಹತ್ತಿರ ಹಿಡಿದ. ದನದ ಡಾಕ್ಟರ ಕಾರು ಗುಂಡಿಯ ಮೇಲೆ ಅಡ್ಡಲಾಗಿ ನಿಂತಿತ್ತು. ಇಂಜಿನ್ನಿನ ತಳಕ್ಕೆ ಅಂಟಿ ಕೂತ ಆಯಿಲ್ ಚೇಂಬರು, ಅದರ ಅಂಚಿನುದ್ದಕ್ಕೂ ಸಾಲು ಬೋಲ್ಟುಗಳು. ಎಡಮೂಲೆಯದೊಂದರ ಸುತ್ತ ಮಾತ್ರ ಎಣ್ಣೆ ಜಿನುಗಿ, ರಸ್ತೆಯ ಧೂಳು ಕೂಡಿಕೊಂಡು, ಕಪ್ಪು ಗಸಿಯಾಗಿ ಇಳಿಬಿದ್ದಿತ್ತು. ಯಾವ ಬೋಲ್ಟು ಎಂದು ಹುಡುಕುವ ಅಗತ್ಯ ಅವನಿಗಿರಲಿಲ್ಲ. ಆದರೂ ಹುಡುಕುವವನಂತೆ ದೀಪವನ್ನು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಆಡಿಸಿದ. ಮೇಲೆ, ಗುಂಡಿಯ ಅಂಚಿನಲ್ಲಿ ಡಬ್ಬವೊಂದನ್ನು ಬೋರಲು ಹಾಕಿಕೊಂಡು ಭಾವ, ಅಕ್ಕನ ಗಂಡ, ಕೂತಿದ್ದರು.

ಭಾವ ಇವತ್ತು ಬಂದದ್ದು ಒಗೆದು ಮಡಿಸಿಟ್ಟ ಬಿಳಿ ಅಂಗಿಯಲ್ಲಿ. ಷೆಡ್ಡಿನ ಬಾಗಿಲು ತೆಗೆಯುತ್ತಿದ್ದಾಗ ದೂರದಲ್ಲಿ ನಡೆದು ಬರುತ್ತಿದ್ದವರನ್ನು ನೋಡಿ ಅವನು ಯಾರೋ ಹೊಸ ಗಿರಾಕಿ ಇರಬೇಕು ಅಂದುಕೊಂಡಿದ್ದ. ಹತ್ತಿರ ಬಂದ ಮೇಲೆ ಅವರು, ಮನೆಯಲ್ಲಿ ಕೂತರೆ ಹೊತ್ತು ಹೋಗುವುದಿಲ್ಲ, ನೀನು ಮಾಡುವುದನ್ನು ನೋಡುತ್ತೇನೆ ಎಂದಿದ್ದರು. ಅಲ್ಲಿಂದ ಈಚೆಗೆ ಒಂದು ಸ್ಪ್ಯಾನರನ್ನೂ ಮುಟ್ಟಿರಲಿಲ್ಲ. ಹಲಗೆಯ ಮೇಲೆ ಓರೆಯಾಗಿ ಬಿದ್ದಿದ್ದ ಸ್ಕ್ರೂಡ್ರೈವರನ್ನು ಕಂಡು, ಸರಿಮಾಡಿಡಲು ಒಮ್ಮೆ ಕೈ ಚಾಚಿ, ಅದು ಬೇರೆ ಯಾರದೋ ಅನ್ನುವಂತೆ ವಾಪಸು ತೆಗೆದುಕೊಂಡಿದ್ದರು.

"ಸಿಕ್ತಾ?" ಎಂದು ಕೇಳಿದರು.

"ಎಡಮೂಲೇದು."

"ಅದೇ. ಅಲ್ಲಿಗೆ ಕೈ ಹಾಕುವಾಗ ನನ್ನ ಭುಜ ಹಿಡ್ಕೊಳ್ಳತ್ತೆ."

ನೆವ ಹೇಳುವ ದನಿಯಲ್ಲ ಅದು. ಇನ್ಯಾರದೋ ಕೆಲಸದಲ್ಲಿ ಎಲ್ಲಿ ಎಡವಟ್ಟಾಯಿತೆಂದು ಲೆಕ್ಕಹಾಕುವವರ ದನಿ. ರಾತ್ರಿಯೆಲ್ಲ ಯೋಚಿಸಿ, ತನ್ನ ವಿರುದ್ಧ ತಾನೇ ಸಾಕ್ಷಿ ಕೂಡಿಹಾಕಿಕೊಂಡು ಬಂದಿದ್ದರು. ಅವನು ಬೋಲ್ಟಿಗೆ ಬೆರಳು ಹಾಕಿದ. ಸ್ಪ್ಯಾನರೇ ಬೇಕಾಗಲಿಲ್ಲ, ಸುಮ್ಮನೆ ತಿರುಗಿತು, ಕೆಳಗೆಳೆದರೆ ಕೈಗೇ ಬಂತು. ಅದರ ಥ್ರೆಡ್ಡಿನ, ತಿರುಪಿನ ಗೆರೆಗಳ, ಸಂದಿಯಲ್ಲಿ ಇಂಜಿನ್ ಕೇಸಿನ ಅಲ್ಯುಮಿನಿಯಂ ಸಣ್ಣ ಎಳೆಯಾಗಿ ಸುತ್ತಿಕೊಂಡು ಬಂದಿತ್ತು. ಭಾವ ಮೇಲಿನಿಂದ ಅಂಗೈ ಚಾಚಿದರು. ಕೊಡದೆ ವಿಧಿಯಿರಲಿಲ್ಲ. ಬೋಲ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಿಳಿ ಅಂಗಿಯ ತೋಳಿಗೆ ಎಣ್ಣೆ ತಾಗಿದ್ದೂ ಅವರಿಗೆ ತಿಳಿಯಲಿಲ್ಲ.

ಈ ಷೆಡ್ಡಿನಲ್ಲಿ ಕೆಲಸ ಯಾರೇ ಮಾಡಲಿ, ಕೊನೆಯ ಬಿಗಿ ಭಾವನದು. ಅದನ್ನು ಯಾರೂ ನಿಯಮ ಮಾಡಿದ್ದಲ್ಲ. ಅವನು ಬಿಚ್ಚಿ, ತೊಳೆದು, ಎಣ್ಣೆ ಸೋರದಂತೆ ತಡೆಯುವ ಪ್ಯಾಕಿಂಗ್ ಬದಲಾಯಿಸಿ, ಎಲ್ಲ ಬೋಲ್ಟುಗಳನ್ನೂ ಕೂರಿಸಿದ ಮೇಲೆ ಭಾವ ಗುಂಡಿಗಿಳಿದು ರಿಂಗ್ ಸ್ಪ್ಯಾನರಿನಲ್ಲಿ ಒಂದೊಂದನ್ನೂ ಒಂದೇ ಸಲ ಎಳೆಯುತ್ತಿದ್ದರು. ಮೊದಲು ಈ ಮೂಲೆ, ಆಮೇಲೆ ಅದರ ಎದುರಿನ ಮೂಲೆ, ಹಾಗೇ ಅಡ್ಡಡ್ಡ. ಎಳೆದದ್ದನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಕೊನೆಯದು ಮುಗಿದ ಮೇಲೆ ಅಂಗೈಯನ್ನು ತೊಡೆಗೆ ಒರೆಸಿ "ಆಯ್ತು" ಅನ್ನುತ್ತಿದ್ದರು. ಆ ಮಾತು ಕೇಳುವವರೆಗೆ ಗಿರಾಕಿ ಕಾರಿನ ಕೀ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಹಾಲಿನ ವ್ಯಾನಿನ ಡ್ರೈವರಂತೂ ಬಾಯಿಬಿಟ್ಟೇ ಕೇಳುವವನು: ಯಜಮಾನ್ರ ಕೈ ಬಿದ್ದಿದೆ ತಾನೇ, ಅಥವಾ ಬರೀ ಭಾಮೈದನ ಕೈಯಾ? ಕೇಳಿ ನಗುತ್ತಿದ್ದ. ಗುಂಡಿಯೊಳಗಿನಿಂದ ಅವನೂ ನಗುತ್ತಿದ್ದ. ಇಂಜಿನ್ನಿನ ಹೊಟ್ಟೆಯೊಳಗೆ ಮೊಣಕೈಯವರೆಗೆ ತೋಳು ತೂರಿಸಿ ಇಡೀ ದಿನ ಒದ್ದಾಡಿದವನು ತಾನು. ಕೊನೆಯಲ್ಲಿ ಬಂದು ಒಂದು ಸಲ ಎಳೆದವರ ಹೆಸರಿನಲ್ಲಿ ಗಾಡಿ ಹೊರಗೆ ಹೋಗುತ್ತದೆ. ಹೀಗೆ ಅಂದುಕೊಂಡ ಮರುಗಳಿಗೆಯಲ್ಲೇ, ಸ್ಪ್ಯಾನರ್ ಹಿಡಿಯುವುದನ್ನು ತನಗೆ ಕಲಿಸಿದವರಾರು ಅನ್ನುವುದು ನೆನಪಾಗಿ, ನಗು ಬಾಯಲ್ಲೇ ಹಳಸಿಹೋಗುತ್ತಿತ್ತು. ಕಲಿಸುವಾಗ ಭಾವ ಅವನ ಮುಷ್ಟಿಯ ಮೇಲೆ ತನ್ನ ಅಂಗೈ ಇಟ್ಟು, ಕಣ್ಣು ಮುಚ್ಚು, ಸಾಕು ಅನ್ನತ್ತೆ ಅದು, ಕೇಳಿಸ್ಕೋ ಅನ್ನುತ್ತಿದ್ದರು. ಅವನಿಗೆ ಬಹಳ ದಿನ ಏನೂ ಕೇಳಿಸಿರಲಿಲ್ಲ. ಕೇಳಿಸಿತು ಎಂದು ಸುಳ್ಳು ಹೇಳಿದ್ದ.

ಹೋದ ವಾರ ಇದೇ ಕಾರು ಸರ್ವೀಸಿಗೆ ಬಂದಿತ್ತು. ಅವತ್ತು ಭಾವನ ಬೆರಳ ಸಂದಿಯಿಂದ ವಾಷರ್ ಜಾರಿ ಗುಂಡಿಯೊಳಗೆ ಬಿತ್ತು. ಬಗ್ಗಿ ಹೆಕ್ಕಿಕೊಂಡರು, ಮತ್ತೆ ಜಾರಿತು. ಅವನು ಮುಖ ಆಚೆ ತಿರುಗಿಸಿ ಏನೋ ಹುಡುಕುವವನಂತೆ ನಿಂತ. ಹಾಗೆ ತಿರುಗಿಸಿದ್ದು ಮರ್ಯಾದೆಯಿಂದ ಎಂದು ಆಗ ಅಂದುಕೊಂಡಿದ್ದ. ಭಾವ ಎಂದಿನಂತೆ ಅಡ್ಡಡ್ಡ ಬಿಗಿಮಾಡಿ, ಆಯ್ತು ಅಂದು, ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದರು. ಹೊರಗೆ ಡಾಕ್ಟರು ಚೀಲ ಹಿಡಿದು, ಕೆಚ್ಚಲು ಬಾತ ಯಾವುದೋ ಎಮ್ಮೆ ಕಾಯುತ್ತಿದೆಯೆಂದು ಅವಸರ ಮಾಡುತ್ತಿದ್ದರು. ಅವನು ಮತ್ತೆ ಗುಂಡಿಗಿಳಿದ. ಇಳಿದದ್ದು ಆ ವಾಷರಿನಿಂದಲೋ ಹಾಲಿನ ವ್ಯಾನಿನವನ ನಗುವಿನಿಂದಲೋ, ಇವತ್ತಿಗೂ ಅವನಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಕಿಲ್ಲ. ಸ್ಪ್ಯಾನರಿನ ಬಾಲಕ್ಕೆ ಕಬ್ಬಿಣದ ಪೈಪಿನ ತುಂಡೊಂದನ್ನು ಸಿಕ್ಕಿಸಿದ. ಹಿಡಿ ಉದ್ದವಾದಷ್ಟೂ ಎಳೆತಕ್ಕೆ ಬಲ. ಒಂದೊಂದಾಗಿ ಎಳೆದು ನೋಡಿದ. ಮೊದಲನೆಯದು ಅಲುಗಲಿಲ್ಲ. ಅದರ ಎದುರಿನದೂ ಅಲುಗಲಿಲ್ಲ. ಪ್ರತಿಯೊಂದೂ ಹೇಗಿರಬೇಕೋ ಹಾಗೇ ಇತ್ತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ, ಬದಲಿಗೆ ಒಂದು ಬಗೆಯ ಸಿಟ್ಟು ಬರತೊಡಗಿತು. ಎಡಮೂಲೆಗೆ ಬಂದಾಗ ಅದೂ ಅಲುಗಲಿಲ್ಲ. ಇನ್ನೂ ಸ್ವಲ್ಪ ಎಳೆದ. ಅಲುಗಿತು. ಅಲುಗಿದ್ದು ಬಿಗಿಯಾಗುವುದಕ್ಕಲ್ಲ. ಗಟ್ಟಿಯಾಗಿ ನಿಂತದ್ದು ಒಂದು ಗಳಿಗೆ ಉಸಿರು ಬಿಗಿಹಿಡಿದಂತೆ ಮಾಡಿ, ಆಮೇಲೆ ಬೆಣ್ಣೆಯಲ್ಲಿ ಚಮಚ ತಿರುಗಿದ ಹಾಗೆ ಮೆತ್ತಗೆ ತಿರುಗಿತು; ಒಳಗಿನ ಥ್ರೆಡ್ಡು ಕಿತ್ತುಹೋಗಿತ್ತು. ಮೇಲೆ ಡಾಕ್ಟರು ಆಯ್ತಾ ಎಂದು ಕೇಳುತ್ತಿದ್ದರು. ಭಾವ ಒದ್ದೆ ಕೈ ಕೊಡವುತ್ತ, ಆಯ್ತು ಸಾರ್, ತಗೊಂಡ್ಹೋಗಿ ಅನ್ನುತ್ತಿದ್ದರು. ಒಂದು ಮಾತು ಹೇಳಲು ಬೇಕಾದಷ್ಟು ಸಮಯ ಅಲ್ಲಿತ್ತು. ಅವನು ಪೈಪನ್ನು ಸ್ಪ್ಯಾನರಿನಿಂದ ಕಳಚಿ ಮೂಲೆಗಿಟ್ಟ.

ಉಳಿದ ಬೋಲ್ಟುಗಳು ಹಿಡಿದುಕೊಂಡಿವೆಯಲ್ಲ ಎಂದುಕೊಂಡೇ ವಾರ ಕಳೆದಿದ್ದ. ನಿನ್ನೆ ಬೆಳಿಗ್ಗೆ ಟ್ರ್ಯಾಕ್ಟರಿನ ಹಿಂದೆ ಹಗ್ಗದಲ್ಲಿ ಕಾರು ಬಂತು. ಕರು ಹಾಕಲಾರದೆ ಹಸುವೊಂದು ಒದ್ದಾಡುತ್ತಿದೆಯೆಂದು ಡಾಕ್ಟರು ಹೊರಟಿದ್ದರಂತೆ. ದಾರಿಯಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿತು. ಬುದ್ಧಿವಂತರು, ಅಲ್ಲೇ ನಿಲ್ಲಿಸಿದರು, ಇಂಜಿನ್ ಉಳಿಯಿತು. ಚೀಲ ಹೊತ್ತುಕೊಂಡು ಹೊಲದ ಬದುಗಳ ಮೇಲೆ ನಡೆದರು. ಆಮೇಲೆ ಷೆಡ್ಡಿಗೆ ಬಂದವರನ್ನು ಭಾವ ಹಸುವಿನ ವಿಷಯ ಕೇಳಿದರು. ಹಸು ಉಳೀತು, ಕರು ಇಲ್ಲ ಎಂದರು ಡಾಕ್ಟರು. ಬೇಗ ಹೋಗಿದ್ದರೂ ಉಳಿಯುತ್ತಿತ್ತೆಂದು ಹೇಳಲಾಗದು ಎಂದೂ ಸೇರಿಸಿದರು. ಭಾವನ ಮುಖ ನೋಡಿ, ಹಗುರ ಮಾಡಲಿಕ್ಕೆ, ನನ್ನ ಪೇಷೆಂಟುಗಳು ಸಾಯೋ ಮೊದಲು ಒದ್ದಾದರೂ ಹೇಳ್ತವೆ, ನಿಮ್ಮವು ಮಾತೇ ಆಡಲ್ಲ ನೋಡಿ ಅಂದರು. ಭಾವ ನಗಲಿಲ್ಲ. ತಾವೇ ಗುಂಡಿಗಿಳಿದು, ಎಡಮೂಲೆಯ ಬೋಲ್ಟನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ, ಮೇಲೆ ಬಂದು, ತಪ್ಪು ನನ್ನದೇ ಸಾರ್, ಕೊನೇ ಕೈ ನನ್ನದು ಎಂದರು. ಅವನು ಪಕ್ಕದಲ್ಲೇ ನಿಂತಿದ್ದ. ಕೈಯಲ್ಲಿ ದೀಪವಿತ್ತು. ಹಗಲು ಹೊತ್ತಿನಲ್ಲಿ, ಯಾರಿಗೂ ಬೇಡದ ಆ ದೀಪವನ್ನು ಆರಿಸುವುದು ಹೇಗೆಂದೇ ಮರೆತವನ ಹಾಗೆ ಹಿಡಿದುಕೊಂಡು ನಿಂತೇ ಇದ್ದ.

ಈಗ ಚೇಂಬರು ಕಳಚಿ ಕೆಳಗಿಳಿಸಿ, ಅಂಚಿನ ಹಳೆಯ ಪ್ಯಾಕಿಂಗನ್ನು ಕೆರೆದು, ಕೇಸಿನ ಮುಖವನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದ. ಹಾಳಾದ ತೂತನ್ನು ಮೊದಲು ಸ್ವಲ್ಪ ದೊಡ್ಡದು ಮಾಡಬೇಕು. ಡ್ರಿಲ್ಲಿನ ತುದಿಗೆ ಗ್ರೀಸು ಹಚ್ಚಿದ, ಪುಡಿ ಅದಕ್ಕೇ ಅಂಟಿಕೊಳ್ಳಲಿ ಎಂದು. ಇಟ್ಟ ಡ್ರಿಲ್ಲು ನೆಟ್ಟಗಿದೆಯೇ ಎಂದು ನೋಡಲು ಇನ್ನೊಬ್ಬರ ಕಣ್ಣು ಬೇಕಿತ್ತು. ಕೇಳದಿದ್ದರೂ ಭಾವ ಅಂಚಿನಿಂದ ಬಗ್ಗಿ, ಸ್ವಲ್ಪ ನಿನ್ನ ಕಡೆಗೆ, ಹಾಂ, ಸಾಕು ಎಂದರು. ಕಣ್ಣಿಗೇನೂ ಆಗಿಲ್ಲ ನೋಡು ಎಂದು ಅವರೇ ಮೆಲ್ಲಗೆ ಅಂದುಕೊಂಡದ್ದು ಅವನಿಗೆ ಕೇಳಿಸಿತು. ಡ್ರಿಲ್ಲು ಒಳಗಿಳಿಯಿತು. ಬೆಳ್ಳಿಯಂಥ ಪುಡಿ ಅವನ ಮಣಿಕಟ್ಟಿನ ಮೇಲೆ ಉದುರಿತು. ಆಮೇಲೆ ಹೊಸ ಥ್ರೆಡ್ಡು ಕೊರೆಯುವ ಟ್ಯಾಪು: ಮುಂದಕ್ಕೆ ಅರ್ಧ ಸುತ್ತು, ಕಸ ಮುರಿಯಲು ಹಿಂದಕ್ಕೆ ಸ್ವಲ್ಪ, ಮತ್ತೆ ಮುಂದಕ್ಕೆ. ಅವಸರ ಮಾಡಿದರೆ ಟ್ಯಾಪು ಒಳಗೇ ಮುರಿಯುತ್ತದೆ. ಮುರಿದರೆ ಕೇಸೇ ಹೋಯಿತು. ಈ ಹಿಂದುಮುಂದಿನ ಕೆಲಸ ಅವನಿಗೆ ಯಾವಾಗಲೂ ಇಷ್ಟ. ಇವತ್ತು ಕೈ ತಾನಾಗಿ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿರುವುದನ್ನು ಕಂಡು ಅವನಿಗೆ ಅಸಹ್ಯವಾಯಿತು. ತಾನು ಹಾಳುಮಾಡಿದ್ದನ್ನು ತಾನೇ ಇಷ್ಟು ಅಂದವಾಗಿ ಸರಿಮಾಡುತ್ತಿರುವುದು, ಅದನ್ನು ಭಾವ ಮೆಚ್ಚಿಕೊಂಡು ನೋಡುತ್ತಿರುವುದು. ಹೊಸ ಥ್ರೆಡ್ಡಿನೊಳಗೆ ಉಕ್ಕಿನ ಸಣ್ಣ ಸುರುಳಿಯೊಂದನ್ನು ತಿರುಗಿಸಿ ಕೂರಿಸಿದ. ಇನ್ನು ಬೋಲ್ಟು ಹಿಡಿಯುವುದು ಆ ಉಕ್ಕನ್ನು, ಅಲ್ಯುಮಿನಿಯಮನ್ನಲ್ಲ, ಮೊದಲಿಗಿಂತ ಗಟ್ಟಿ. ಮೇಲಿನಿಂದ ಭಾವ, ಇನ್ನೇನು ಚಿಂತೆಯಿಲ್ಲ, ನಿನ್ನ ಕೈಗೆ ಕೊಟ್ಟು ನಾನು ಆರಾಮಾಗಿ ಇರಬಹುದು ಎಂದರು.

ಮಧ್ಯಾಹ್ನ ಅಕ್ಕ ಊಟದ ಕ್ಯಾರಿಯರು ತಂದಳು. ಮೀಸೆ ನರೆತ ಅವನನ್ನು ಅವಳು ಈಗಲೂ ಗಿರಾಕಿಗಳ ಮುಂದೆಯೇ ಪುಟ್ಟಾ ಎಂದು ಕರೆಯುತ್ತಾಳೆ. ಹಾಲಿನ ವ್ಯಾನಿನವನು ಅದನ್ನು ಒಮ್ಮೆ ಕೇಳಿಸಿಕೊಂಡು ಎಷ್ಟೋ ದಿನ, ಪುಟ್ಟ ಇದಾನಾ ಎಂದು ರಸ್ತೆಯಿಂದಲೇ ಕೂಗುತ್ತಿದ್ದ. ಭಾವ ಕೈ ತೊಳೆಯಲು ಹಿಂದಕ್ಕೆ ಹೋದಾಗ ಅಕ್ಕ ದನಿ ತಗ್ಗಿಸಿದಳು. ನಿನ್ನೆಯಿಂದ ಅವರು ಊಟದ ತಟ್ಟೆ ಮುಂದಿಟ್ಟುಕೊಂಡು ಕೈಯನ್ನೇ ತಿರುವಿ ತಿರುವಿ ನೋಡುತ್ತಾರಂತೆ. ನೀರಿನ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿಯುತ್ತಾರಂತೆ. ಮೊನ್ನೆಯವರೆಗೆ ಒಂದು ಕೈಯಲ್ಲಿ ಕೊಡ ಎತ್ತುತ್ತಿದ್ದವರು. ಆದರೆ ಅವಳ ಮಾತಿನಲ್ಲಿ ದುಃಖಕ್ಕಿಂತ ಬಿಡುಗಡೆಯೇ ಹೆಚ್ಚಿತ್ತು.

"ಆಗಿದ್ದು ಒಳ್ಳೇದಾಯ್ತು ಬಿಡು ಪುಟ್ಟಾ. ನಾನು ಎಷ್ಟು ಹೇಳಿದ್ರೂ ಬಿಡ್ತಿರ್ಲಿಲ್ಲ. ಈಗ ಅವರ ಬಾಯಲ್ಲೇ ಬಂತು, ಇನ್ಮೇಲೆ ಷೆಡ್ಡು ಅವನದು ಅಂತ."

ಅವನು ತುತ್ತು ಕಲಸುತ್ತಲೇ ಇದ್ದ. ಷೆಡ್ಡು ಅವನದು. ಎಷ್ಟೋ ಸಲ ಹೊದಿಕೆಯೊಳಗೆ ಮಲಗಿ ಇದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಹೇಳಿಸಿ ನೋಡಿದ್ದ. ಅಕ್ಕನ ಬಾಯಲ್ಲಿ, ಭಾವನ ಬಾಯಲ್ಲಿ, ಒಮ್ಮೆ ಹಾಲಿನ ವ್ಯಾನಿನವನ ಬಾಯಲ್ಲೂ. ಈಗ ಅದು ಬಂದು ನಿಂತಾಗ ಕಲಸಿದ ತುತ್ತು ಕೈಯಲ್ಲೇ ಉಳಿಯಿತು. ಸುಮ್ಮನಿದ್ದರೆ ಸಾಕು, ಎಲ್ಲರಿಗೂ ಒಳ್ಳೆಯದಾಗುತ್ತದೆ. ಅಕ್ಕನಿಗೆ ಗಂಡ ಮನೆಯಲ್ಲಿ ಸಿಗುತ್ತಾನೆ. ಭಾವನ ಬೆನ್ನಿಗೆ ಬಿಡುವು. ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದ. ಥ್ರೆಡ್ಡು ಹಾಳುಮಾಡಿದ್ದು ನಾನು ಅನ್ನುವುದು ಅಂಥ ದೊಡ್ಡ ಮಾತಲ್ಲ, ಅದನ್ನು ಹೇಳಿಬಿಡಬಹುದು. ಅದರ ಹಿಂದೆಯೇ ಇನ್ನೊಂದು ಮಾತು ನಿಂತಿತ್ತು. ನೀವು ಬಿಗಿಮಾಡಿದ ಮೇಲೆ ನಾನು ಯಾಕೆ ಇಳಿದೆ? ಅವರ ಕೈಯನ್ನು ಅವರಿಗೆ ವಾಪಸು ಕೊಡಬೇಕಾದರೆ, ಆ ಕೈಯನ್ನು ನಂಬಿರಲಿಲ್ಲ ಎಂದು ಮೊದಲು ಹೇಳಬೇಕು. ಯಾವುದು ಹೆಚ್ಚು ನೋಯಿಸುತ್ತದೆ? ಭಾವ ಬಂದು ಎದುರು ಕೂತರು. ಅಕ್ಕ ಬಡಿಸಿದಳು. ಯಾಕೋ ಪುಟ್ಟ ಉಣ್ಣುತ್ತಿಲ್ಲ ಎಂದಳು. ಭಾವ, ಜವಾಬ್ದಾರಿ ಬಂತಲ್ಲ, ಹಸಿವು ಹೋಗತ್ತೆ ಮೊದಮೊದಲು ಅಂದರು. ನಿನ್ನೆಯಿಂದ ಅವರು ತಮಾಷೆ ಮಾಡಿದ್ದು ಅದೊಂದೇ.

ಅಕ್ಕ ಹೋದ ಮೇಲೆ ಚೇಂಬರನ್ನು ಮೇಲೆತ್ತಿ, ಹೊಸ ಪ್ಯಾಕಿಂಗಿಟ್ಟು, ಎಲ್ಲ ಬೋಲ್ಟುಗಳನ್ನೂ ಬೆರಳಲ್ಲೇ ಹಾಕಿದ. ಎಡಮೂಲೆಯದು ಸುರುಳಿಯೊಳಗೆ ಮೃದುವಾಗಿ, ಹೊಸ ಮನೆಯ ಬಾಗಿಲಿನಂತೆ ಹೋಗಿ ಕೂತಿತು. ಇನ್ನು ಉಳಿದದ್ದು ಕೊನೆಯ ಬಿಗಿ. ಅವನು ರಿಂಗ್ ಸ್ಪ್ಯಾನರನ್ನು ಮೇಲಕ್ಕೆ ಚಾಚಿದ. ಭಾವ ಅದನ್ನು ನೋಡಿದರು, ತೆಗೆದುಕೊಳ್ಳಲಿಲ್ಲ.

"ನೀನೇ ಎಳಿ."

"ಕೊನೇದು ನಿಮ್ಮದು."

"ಆಗಿತ್ತು."

ಸ್ಪ್ಯಾನರು ಚಾಚಿದಲ್ಲೇ ಇತ್ತು. ತೋಳು ನೋಯತೊಡಗಿತು. ಕೆಳಗಿಳಿಸಿದರೆ ಎಲ್ಲ ಮುಗಿಯುತ್ತದೆ ಎಂದು ಅವನಿಗೆ ಗೊತ್ತಿತ್ತು; ಇಳಿಸಿ, ಅಡ್ಡಡ್ಡ ಬಿಗಿಮಾಡಿ, ತಾನೇ ಆಯ್ತು ಎಂದುಬಿಟ್ಟರೆ ನಾಳೆಯಿಂದ ಇದು ಹೀಗೇ ನಡೆದುಕೊಂಡು ಬಂದದ್ದು ಎಂಬಂತಾಗುತ್ತದೆ.

"ಭಾವ, ಅದು ನಾನು."

"ಏನು?"

"ಆ ಥ್ರೆಡ್ಡು. ಹಾಳ್ಮಾಡಿದ್ದು ನಾನು. ನೀವಲ್ಲ."

ಭಾವ ಮುಖ ಸಡಿಲಿಸಿ ನಕ್ಕರು. ನಿಮ್ಮಕ್ಕ ಹೇಳಿಕೊಟ್ಟಳಾ ಎಂದು ಕೇಳಿದರು. ಅಲ್ಲ ಅಂದರೂ ಒಪ್ಪಲಿಲ್ಲ. ನನ್ನ ತಪ್ಪು ಮೈಮೇಲೆ ಹಾಕಿಕೊಂಡರೆ ನಾನು ನಂಬಿಬಿಡ್ತೀನಾ, ಆದರೂ ಒಳ್ಳೇ ಮನಸ್ಸು ನಿಂದು ಎಂದರು. ಒಳ್ಳೇ ಮನಸ್ಸು. ಅವನು ಗುಂಡಿಯೊಳಗೆ ನಿಂತು ಆ ಮಾತಿನ ಬಿಸುಪನ್ನು ಒಂದು ಗಳಿಗೆ ಅನುಭವಿಸಿದ. ಹೇಳಿದ್ದೇನಲ್ಲ. ಹೇಳಲಿಲ್ಲ ಎಂದು ಇನ್ನು ಯಾರೂ, ಅವನ ಎದೆಯೂ ಸಹ, ಅನ್ನುವ ಹಾಗಿಲ್ಲ. ಅವರು ನಂಬದಿದ್ದರೆ ಅದು ಅವರ ಪಾಡು. ಷೆಡ್ಡೂ ಸಿಕ್ಕಿತು, ಒಳ್ಳೆಯ ಮನಸ್ಸೂ ಸಿಕ್ಕಿತು. ಹೀಗೆ ಎರಡನ್ನೂ ಎರಡು ಜೇಬಿಗಿಳಿಸಿಕೊಂಡು ನಿಂತವನನ್ನು ತಾನೇ ದೂರದಿಂದ ಕಂಡಂತಾಗಿ ಅವನ ಕಿವಿ ಬಿಸಿಯಾಯಿತು.

ಭಾವ ಮುಂದುವರಿಸುತ್ತಿದ್ದರು, ಅವನಿಗಿಂತ ಹೆಚ್ಚಾಗಿ ತಮಗೇ ಹೇಳಿಕೊಳ್ಳುವಂತೆ.

"ಥ್ರೆಡ್ಡು ಯಾರ ಕೈಯಲ್ಲಾದ್ರೂ ಹೋಗತ್ತೆ. ನನ್ನ ಕೈಯಲ್ಲೂ ಹಿಂದೆ ಹೋಗಿದೆ. ಹೋದಾಗ ಗೊತ್ತಾಗ್ತಿತ್ತು. ಈ ಸಲ ಗೊತ್ತೇ ಆಗ್ಲಿಲ್ಲ. ಹೋಗಿದ್ದಕ್ಕಲ್ಲ, ನಂಗೆ ಭಯ ಆಗಿದ್ದು ಅದಕ್ಕೆ."

"ನಿಮ್ಮ ಕೈಗೆ ಗೊತ್ತಾಗ್ಲಿಲ್ಲ ಯಾಕಂದ್ರೆ ನಿಮ್ಮ ಕೈಯಲ್ಲಿ ಹೋಗ್ಲಿಲ್ಲ. ಗೊತ್ತಾಗಿದ್ದು ನನ್ನ ಕೈಗೆ."

ಆಮೇಲೆ ಅವನು ತಡೆಯದೆ ಹೇಳಿದ. ನೀವು ನಲ್ಲಿಗೆ ಹೋದಿರಿ, ಡಾಕ್ಟರು ಎಮ್ಮೆ ಕಾಯ್ತಿದೆ ಅಂತಿದ್ದರು, ನಾನು ಮತ್ತೆ ಇಳಿದೆ. ಈ ಮೂಲೆಯಿಂದ ಶುರುಮಾಡಿದೆ. ಎಡಮೂಲೆಯದು ಗಟ್ಟಿಯಾಗಿ ನಿಂತಿತ್ತು, ಇನ್ನೂ ಎಳೆದೆ, ಒಂದು ಗಳಿಗೆ ಉಸಿರು ಹಿಡಿದ ಹಾಗಾಯಿತು, ಆಮೇಲೆ ಮೆತ್ತಗಾಯಿತು. ಹೇಳುತ್ತ ಹೇಳುತ್ತ ಅವನ ಬಲಗೈ ತಾನಾಗಿ ಗಾಳಿಯಲ್ಲಿ ಎಳೆಯುವಂತೆ ಮಾಡಿ, ಮೆತ್ತಗಾದ ಜಾಗಕ್ಕೆ ಬಂದಾಗ ನಿಂತಿತು. ಭಾವ ಅವನ ಬಾಯನ್ನಲ್ಲ, ಆ ಕೈಯನ್ನು ನೋಡುತ್ತಿದ್ದರು. ಅವರ ಮುಖದ ನಗು ಯಾವಾಗ ಹೋಯಿತೋ ಅವನಿಗೆ ತಿಳಿಯಲಿಲ್ಲ.

"ಪೈಪ್ ಹಾಕಿದ್ಯಾ?"

"ಹೂಂ."

"ನಾನು ಎಳೆದ ಮೇಲೆ."

"ಹೂಂ."

ಭಾವ ಗುಂಡಿಯ ಅಂಚಿನಿಂದ ಇನ್ನಷ್ಟು ಮುಂದಕ್ಕೆ ಬಗ್ಗಿದರು.

"ಸಡಿಲ ಇತ್ತಾ?"

ಅವನು ಇಷ್ಟು ದಿನ ಹೆದರಿದ್ದು ಈ ಪ್ರಶ್ನೆಗೆ. ಆದರೆ ಇದಕ್ಕೆ ಉತ್ತರ ಅವನ ಹತ್ತಿರ ಇತ್ತು, ಅವನೊಬ್ಬನ ಹತ್ತಿರ ಮಾತ್ರ ಇತ್ತು.

"ಇಲ್ಲ. ಎಲ್ಲಾನೂ ನೋಡ್ದೆ. ಒಂದೂ ಸಡಿಲ ಇರ್ಲಿಲ್ಲ."

ಭಾವ ತಮ್ಮ ಅಂಗೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆರಳುಗಳನ್ನು ಒಮ್ಮೆ ಮುಚ್ಚಿ ಬಿಚ್ಚಿದರು. ಮತ್ತೆ ಯಾಕೆ ಎಂದು ಈಗ ಕೇಳುತ್ತಾರೆ ಅಂದುಕೊಂಡ. ಕೇಳಲಿಲ್ಲ. ವಾಷರ್ ಬಿದ್ದಾಗ ನೀನು ಆಚೆ ತಿರುಗಿದ್ದು ನೋಡಿದ್ದೆ ಎಂದರು. ಅದರಲ್ಲಿ ದೂರಿರಲಿಲ್ಲ. ದೂರಿದ್ದಿದ್ದರೆ ಅವನು ಏನಾದರೂ ಹೇಳುತ್ತಿದ್ದ, ಅಳುತ್ತಿದ್ದನೋ ಏನೋ. ಭಾವ ಎದ್ದರು. ಬಿಳಿ ಅಂಗಿಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಿಸಿಕೊಂಡು, ಮೆಟ್ಟಿಲ ಮೇಲೆ ಕಾಲಿಟ್ಟು, ಗೋಡೆ ಹಿಡಿದು ಗುಂಡಿಗಿಳಿದರು. ಇಬ್ಬರಿಗೆ ಆ ಗುಂಡಿ ಯಾವಾಗಲೂ ಇಕ್ಕಟ್ಟು. ಅವನು ಗೋಡೆಗೆ ಅಂಟಿ ಜಾಗ ಬಿಟ್ಟ. ಅವರು ಕೈ ಚಾಚಿದರು, ಅವನು ಸ್ಪ್ಯಾನರು ಕೊಟ್ಟ. ಡಾಕ್ಟರಿಗೆ ನಾನೇ ಹೇಳ್ತೀನಿ ಎಂದ. ಹೇಳು ಎಂದರು ಭಾವ, ಅಷ್ಟೇ.

ಅವನು ದೀಪ ಹಿಡಿದ. ಭಾವ ಬಲಮೂಲೆಯ ಬೋಲ್ಟಿಗೆ ಸ್ಪ್ಯಾನರು ಕೂರಿಸಿ, ಕಣ್ಣು ಮುಚ್ಚಿ ಎಳೆದರು. ಭುಜ ಹಿಡಿದುಕೊಳ್ಳಲಿಲ್ಲ. ಎಲ್ಲಿ ಸಾಕೋ ಅಲ್ಲಿ, ಕೂದಲೆಳೆಯಷ್ಟು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಸ್ಪ್ಯಾನರು ನಿಂತಿತು. ಅವನು ದೀಪವನ್ನು ಅವರ ಕೈಗಿಂತ ಮುಂಚೆಯೇ ಎದುರಿನ ಮೂಲೆಯ ಬೋಲ್ಟಿನ ಕಡೆಗೆ ಸರಿಸಿ ಕಾದ.

ಕೈ ಆ ಕಡೆಗೆ ಬರಲಿಲ್ಲ. ತಿರುಗಿ ನೋಡಿದ. ಕತ್ತಲಾದ ಬಲಮೂಲೆಯಲ್ಲಿ ಭಾವ ಕಣ್ಣು ತೆರೆದು, ಎಳೆದು ಮುಗಿಸಿದ ಅದೇ ಬೋಲ್ಟಿಗೆ ಸ್ಪ್ಯಾನರನ್ನು ಮತ್ತೆ ಕೂರಿಸಿ, ಸಡಿಲವಿದೆಯೇ ಎಂದು ನೋಡುತ್ತಿದ್ದರು.